ಎರಕದ ಗಿಟಾರು

ಗಿಟಾರಿನ ಮಾತು ಮತ್ತೆ ಎದ್ದದ್ದು ಬಟ್ಟೆ ಒಗೆಯುವ ಹೊತ್ತಿನಲ್ಲಿ. ರಜೆಯ ದಿನ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಹಿತ್ತಲಲ್ಲಿ ನಿಂತು, ನೀರು ಕುಡಿದು ಭಾರವಾಗಿದ್ದ ಹೊದಿಕೆಯನ್ನು ಆ ತುದಿ ಒಬ್ಬರು ಈ ತುದಿ ಒಬ್ಬರು ಹಿಡಿದು ಹಿಂಡುತ್ತಿದ್ದರು.

"ನಿನ್ನೆ ಫೋನ್ ಮಾಡಿದ್ದ," ಎಂದರು ಅತ್ತೆ.

ಯಾರು ಎಂದು ಸೊಸೆ ಕೇಳಲಿಲ್ಲ. ತನ್ನ ತುದಿಯನ್ನು ಇನ್ನೊಂದು ಸುತ್ತು ತಿರುಚಿದಳು.

"ಊಟ ಆಯ್ತಾ ಅಂದೆ, ಆಯ್ತು ಅಂದ. ಕೆಮ್ಮು ಹೋಯ್ತಾ ಅಂದೆ, ಹೋಯ್ತು ಅಂದ. ಆಮೇಲೆ ಅವನಾಗೇ ಕೇಳ್ದ, ಆ ಗಿಟಾರು ಏನಾಯ್ತಮ್ಮ ಅಂತ."

"ಏನೂ ಆಗಿಲ್ಲ. ಹಾಗೇ ಇದೆ."

"ಅದನ್ನೇ ಹೇಳ್ದೆ. ಅರ್ಧಕ್ಕೆ ನಿಂತಿದೆ ಕಣಪ್ಪ, ಮುಗಿಸ್ತೀವಿ ಅಂತ."

"ಮುಗಿಸ್ತೀವಿ ಅಂದ್ರಾ?"

"ಅಂದ್ಬಿಟ್ಟೆ." ಅತ್ತೆ ಹೊದಿಕೆಯನ್ನು ಹಗ್ಗದ ಮೇಲೆ ಎಸೆದು ಅದರ ಮರೆಯಿಂದಲೇ ಮಾತಾಡಿದರು. "ಮುಗಿದ್ರೆ ತಗೊಂಡು ಹೋಗೋಕೆ ಬರ್ತಾನಲ್ವೇನೇ? ಬಂದವನು ಊಟಕ್ಕೆ ಕೂರ್ತಾನೆ. ಕೂತವನು..."

ಅವರು ಹೊದಿಕೆಯ ಮಡಿಕೆ ಬಿಡಿಸತೊಡಗಿದರು.

ಮಗ ಮನೆ ಬಿಟ್ಟದ್ದು ಚಳಿ ಶುರುವಾಗುವ ಮುಂಚೆ. ಮದುವೆಗಳಲ್ಲಿ, ಹೋಟೆಲುಗಳಲ್ಲಿ ಹಾಡುವ ತಂಡವೊಂದರಲ್ಲಿ ಅವನು ಗಿಟಾರು ನುಡಿಸುತ್ತಿದ್ದ. ಅದೇ ತಂಡದ ಹಾಡುಗಾರ್ತಿಯ ಜೊತೆ ಪಟ್ಟಣದ ಇನ್ನೊಂದು ಮಗ್ಗುಲಲ್ಲಿ ಮನೆ ಮಾಡಿದ್ದ. ಹೋಗುವಾಗ ಹೆಂಡತಿಗೆ ಹೇಳಿದ್ದು ಒಂದೇ ಮಾತು: "ನನಗೇ ಏನೂ ಗೊತ್ತಾಗ್ತಿಲ್ಲ, ಸ್ವಲ್ಪ ದಿನ ಬಿಡು." ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಆ ಮಾತಿನ ಬೆಳಕಲ್ಲೇ ಮನೆಯವರೆಲ್ಲ ತಡಕಾಡುತ್ತಿದ್ದರು. ಸೊಸೆ ಎಲ್ಲಿಗೂ ಹೋಗಲಿಲ್ಲ. ಅವಳ ತಾಯಿ ತೀರಿಹೋಗಿದ್ದರು. ಅಣ್ಣನ ಮನೆಯಲ್ಲಿ ಅವನ ಮಕ್ಕಳಿಗೇ ಮಲಗಲು ಜಾಗ ಸಾಲದು. ಅದಕ್ಕಿಂತ ಹೆಚ್ಚಾಗಿ, ಹೋಗು ಎಂದು ಈ ಮನೆಯಲ್ಲಿ ಯಾರೂ ಅನ್ನಲಿಲ್ಲ. ಬೆಳಿಗ್ಗೆ ಅತ್ತೆ ಅವಳ ಊಟದ ಡಬ್ಬಿ ತುಂಬುತ್ತಿದ್ದರು, ಸಂಜೆ ಅವಳು ತರಕಾರಿ ಹೊತ್ತು ತರುತ್ತಿದ್ದಳು. ಮಂಚದ ಅರ್ಧ ಖಾಲಿ ಇತ್ತು, ಅಷ್ಟೇ.

ಗಿಟಾರು ಮಾಡುವ ಹುಚ್ಚು ಶುರುವಾದದ್ದು ಒಳ್ಳೆಯ ದಿನಗಳಲ್ಲಿ. ಸೊಸೆ ಪ್ಲಾಸ್ಟಿಕ್ ಬಕೆಟ್ಟು, ಮುಚ್ಚಳಗಳ ಅಚ್ಚನ್ನು ಕಂಪ್ಯೂಟರಿನಲ್ಲಿ ಬರೆಯುವ ಕೆಲಸದಲ್ಲಿದ್ದಳು. ಮಾವ ಎರಕದ ಮೇಸ್ತ್ರಿ. ಎರಡು ಬೀದಿ ಆಚೆ, ತಗಡಿನ ಸೂರಿನ ಕೆಳಗೆ ಅವರ ಕುಲುಮೆ. ಪಂಪಿನ ಮುಚ್ಚಳ, ಯಂತ್ರದ ಹಿಡಿಕೆ, ಉದ್ಯಾನದ ಬೆಂಚಿನ ಕಾಲು ಎಲ್ಲ ಅಲ್ಲಿ ಎರಕವಾಗುತ್ತಿದ್ದವು. "ನೀನು ಬರಿ, ಅಪ್ಪ ಹುಯ್ಯಲಿ, ನಾನು ನುಡಿಸ್ತೀನಿ," ಎಂದಿದ್ದ ಗಂಡ. "ಇಂಥ ಗಿಟಾರು ಯಾವನ ಹತ್ತಿರಾನೂ ಇರಬಾರದು." ಅಲ್ಯುಮಿನಿಯಂ ಒಡಲು, ಮರದ ಕತ್ತು. ತೂಕ ಇಳಿಯಲೆಂದು ಹಿಂಬದಿಯನ್ನು ಟೊಳ್ಳು ಮಾಡಿ, ಎಲೆಯ ನರದ ಹಾಗೆ ಪಟ್ಟಿಗಳನ್ನಷ್ಟೇ ಬಿಡುವುದು. ಅವನನ್ನು ಕುರ್ಚಿಯ ಮೇಲೆ ಕೂರಿಸಿ, ಟೇಪು ಹಿಡಿದು ತೋಳು, ಎದೆ, ಮೊಣಕೈ ಒರಗುವ ಜಾಗ ಎಲ್ಲ ಅಳೆದಿದ್ದಳು. "ದರ್ಜಿ ಅಂಗಡಿಗೆ ಬಂದ ಹಾಗಿದೆ," ಎಂದು ಅವನು ಕಚಗುಳಿಗೆ ನಕ್ಕಿದ್ದ. ಆಮೇಲೆ ಅವನು ಹೋದ. ಚಿತ್ರ ಕಂಪ್ಯೂಟರಿನಲ್ಲೇ ಉಳಿಯಿತು.

ಅವತ್ತು ಸಂಜೆ ಊಟಕ್ಕೆ ಕೂತಾಗ ಅತ್ತೆ ವಿಷಯ ಎತ್ತಿದರು.

"ಆಗಲ್ಲ," ಎಂದರು ಮೇಸ್ತ್ರಿ, ತಟ್ಟೆಯಿಂದ ತಲೆ ಎತ್ತದೆ. "ಹೇಳದೆ ಕೇಳದೆ ಹೊಸ್ತಿಲು ದಾಟಿದವನಿಗೆ ನಾನು ಕುಲುಮೆ ಹೊತ್ತಿಸಲ್ಲ."

"ಅವನು ನಿಮ್ಮ ಮಗ."

"ಅದಕ್ಕೇ ಹೊತ್ತಿಸಲ್ಲ. ಬೇರೆ ಯಾರಾದ್ರೂ ಆಗಿದ್ರೆ ಮಾಡ್ಕೊಡ್ತಿದ್ದೆ."

ಮಗಳು ಅನ್ನದ ಪಾತ್ರೆ ಎಳೆದುಕೊಂಡಳು. ಔಷಧಿ ಅಂಗಡಿಯಲ್ಲಿ ಕೆಲಸ ಅವಳಿಗೆ. ಮಾತಿಗೆ ಮುಂಚೆ ಸಿಡಿಯುವವಳೆಂದು ಚಿಕ್ಕಂದಿನಿಂದ ಮನೆಯಲ್ಲಿ ಅವಳ ಹೆಸರೇ ಚಿನಕುರಳಿ. "ಅಮ್ಮ, ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ. ಹೆಗ್ಗಣಕ್ಕೆ ಗಿಟಾರು ಬೇರೆ ಮಾಡ್ಕೊಡ್ಬೇಕಾ?"

"ಬಾಯಿ ಮುಚ್ಚೇ."

"ಅತ್ತಿಗೆ, ನೀನಾದ್ರೂ ಹೇಳು. ನಿನಗೇನು ಮಾನ ಮರ್ಯಾದೆ ಇಲ್ವಾ?"

"ಇನ್ನೊಂದು ಸ್ವಲ್ಪ ಪಲ್ಯ ಹಾಕ್ಲಾ?" ಎಂದಳು ಸೊಸೆ.

"ಪಲ್ಯ ಬೇಡ, ಉತ್ತರ ಬೇಕು."

"ಮುಕ್ಕಾಲು ಪಾಲು ಬರೆದಾಗಿದೆ. ಹಾಗೇ ಬಿಟ್ರೆ ನನಗೆ ಸಮಾಧಾನ ಇರಲ್ಲ."

ಅದು ಉತ್ತರವಲ್ಲ ಎಂಬುದು ಎಲ್ಲರಿಗೂ ಗೊತ್ತಾಯಿತು. ಮೇಸ್ತ್ರಿ ಮೊದಲ ಸಲ ತಲೆ ಎತ್ತಿ ಸೊಸೆಯನ್ನು ನೋಡಿದರು. ಇವಳೂ ಕಾಯುತ್ತಿದ್ದಾಳೆ ಎಂದು ಅವರಿಗೆ ಅನ್ನಿಸಿರಬೇಕು. ಕೈ ತೊಳೆದು ಎದ್ದುಹೋದರು.

ಆ ವಾರವಿಡೀ ಅತ್ತೆ ಗಂಡನ ಜೊತೆ ಮಾತು ಬಿಟ್ಟರು. ಅಡುಗೆ ಬಿಡಲಿಲ್ಲ, ಬಡಿಸುವುದು ಬಿಡಲಿಲ್ಲ. ತಟ್ಟೆಯನ್ನು ಮಾತ್ರ ಸದ್ದಾಗುವಂತೆ ಇಡುತ್ತಿದ್ದರು. ಕೊನೆಗೆ ಒಂದು ಬೆಳಿಗ್ಗೆ ಮೇಸ್ತ್ರಿ ಬೂಟಿನ ದಾರ ಕಟ್ಟುತ್ತ, ಗೋಡೆಗೆ ಹೇಳುವವರಂತೆ ಹೇಳಿದರು: "ಮಾದರಿ ತಯಾರಾದ್ರೆ ತಗೊಂಡು ಬರೋಕೆ ಹೇಳು ಅವಳಿಗೆ."

ಅಡುಗೆಮನೆಯಿಂದ ಅತ್ತೆ, "ಮೊಟ್ಟೆ ಒಂದು ಸಾಕಾ, ಎರಡು ಹಾಕ್ಲಾ?" ಎಂದರು. ಮಾತು ಬಿಟ್ಟಿದ್ದು ಅಲ್ಲಿಗೆ ಮುಗಿಯಿತು.

ಸೊಸೆಯ ಆಫೀಸಿನಲ್ಲಿ ಪದರದ ಮೇಲೆ ಪದರ ಪ್ಲಾಸ್ಟಿಕ್ ಕೂರಿಸಿ ವಸ್ತು ಕಟ್ಟುವ ಪ್ರಿಂಟರು ಇತ್ತು. ಕೆಲಸ ಮುಗಿದ ಮೇಲೆ ಅದನ್ನು ಬಳಸಲು ಯಜಮಾನರು ಒಪ್ಪಿದರು. ಗಿಟಾರಿನ ಒಡಲು ಒಂದೇ ಸಲಕ್ಕೆ ಹಿಡಿಸುವುದಿಲ್ಲ. ತುಂಡು ತುಂಡಾಗಿ ತೆಗೆದು, ಅಂಟಿಸಿ, ಮೆತ್ತಿ, ಉಜ್ಜಿ ನುಣ್ಣಗೆ ಮಾಡಿದಳು. ಕರಗಿದ ಲೋಹ ತಣ್ಣಗಾಗುತ್ತ ಕುಗ್ಗುತ್ತದೆ, ಮಾದರಿ ಅಷ್ಟು ದೊಡ್ಡದಿರಬೇಕು ಎಂದು ಮಾವ ಹೇಳುವ ಮೊದಲೇ ಲೆಕ್ಕ ಹಾಕಿದ್ದಳು. ಮೇಸ್ತ್ರಿ ಅಳತೆ ಕಡ್ಡಿ ಹಿಡಿದು ನೋಡಿ, "ಪರವಾಗಿಲ್ಲ, ನನ್ನ ಮಗನಿಗಿಂತ ನಿನಗೇ ಬುದ್ಧಿ ಇದೆ," ಎಂದರು. ಮಗನ ಮಾತು ಹಾಗೆ ಬಾಯಿ ಜಾರಿ ಬಂದದ್ದು ಇಬ್ಬರಿಗೂ ಗೊತ್ತಾಗಿ ಇಬ್ಬರೂ ಕೆಲಸಕ್ಕೆ ಬಗ್ಗಿದರು.

ಮರದ ಚೌಕಟ್ಟಿನಲ್ಲಿ ಮಾದರಿ ಇಟ್ಟು, ಅದರ ಸುತ್ತ ಹಸಿ ಮರಳು ತುಂಬಿ ಕುಟ್ಟಿ, ಚೌಕಟ್ಟು ಬಿಡಿಸಿ ಮಾದರಿಯನ್ನು ಮೆಲ್ಲಗೆ ಎತ್ತಿದರೆ ಮರಳಿನಲ್ಲಿ ಗಿಟಾರಿನ ಗುಳಿ ಉಳಿಯುತ್ತದೆ. ಕುಲುಮೆಯ ಮೂಸೆಯಲ್ಲಿ ಅಲ್ಯುಮಿನಿಯಂ ಕರಗಿ ಕನ್ನಡಿಯಾಯಿತು. ಮೇಸ್ತ್ರಿ ಉಸಿರು ಹಿಡಿದು, ಒಂದೇ ಧಾರೆಯಲ್ಲಿ, ಎಲ್ಲೂ ತಡೆಯದೆ ಹುಯ್ದರು. ಮರುದಿನ ಮರಳು ಒಡೆದಾಗ ಗಿಟಾರು ಬಂದಿತ್ತು, ಆದರೆ ಕತ್ತು ಕೂರುವ ದಪ್ಪ ಜಾಗಕ್ಕೂ ತೆಳು ಅಂಚಿಗೂ ನಡುವೆ ಕೂದಲೆಳೆಯಷ್ಟು ಬಿರುಕು.

"ದಪ್ಪ ನಿಧಾನವಾಗಿ ಆರತ್ತೆ, ತೆಳು ಬೇಗ ಆರತ್ತೆ. ಒಂದನ್ನೊಂದು ಎಳೆದಾಡಿ ಹರ್ಕೊಂಡಿದೆ," ಎಂದರು ಮೇಸ್ತ್ರಿ.

"ಈ ಮೂಲೆ ಚೂಪಾಯ್ತು ಮಾವ. ಉರುಟು ಮಾಡಿ, ದಪ್ಪಾನ ಸ್ವಲ್ಪ ಸ್ವಲ್ಪವಾಗಿ ಇಳಿಸ್ತೀನಿ. ಹೊಸ ಮಾದರಿ ತೆಗೀಬೇಕು."

"ತೆಗಿ. ಅವಸರ ಏನಿದೆ."

ಅವಸರ ಯಾರಿಗೂ ಇರಲಿಲ್ಲ. ವಿಚಿತ್ರವೆಂದರೆ, ಮನೆ ಆ ವಾರಗಳಲ್ಲಿ ಮತ್ತೆ ಮನೆಯಾಗಿತ್ತು. ಬಿರುಕು ಬಿಟ್ಟ ಗಿಟಾರನ್ನು ಮೇಸ್ತ್ರಿ ಹೊತ್ತು ತಂದು ಊಟದ ಮೇಜಿನ ಮೇಲೆ ಇಟ್ಟರು. ಅತ್ತೆ ಅದನ್ನು ಕೈ ಬೆನ್ನಿನಿಂದ ಸವರಿ, "ಮಗುವಿನ ಮೈ ಥರ ತಣ್ಣಗಿದೆ," ಎಂದರು. "ಮಗುವಿನ ಮೈ ತಣ್ಣಗಿದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಮ್ಮ," ಎಂದಳು ಚಿನಕುರಳಿ. ಮೇಸ್ತ್ರಿ ನಕ್ಕರು. ಅವರು ನಕ್ಕು ಎಷ್ಟು ಕಾಲವಾಗಿತ್ತೆಂದು ಯಾರಿಗೂ ನೆನಪಿರಲಿಲ್ಲ. ಹೊಸದು ಬಂದ ಮೇಲೆ ಉಜ್ಜಿ ಹೊಳಪು ಕೊಡುವುದು ತನ್ನ ಕೆಲಸ ಎಂದು ಚಿನಕುರಳಿ ತಾನಾಗಿ ಒಪ್ಪಿಕೊಂಡಳು. "ಅಣ್ಣನಿಗೋಸ್ಕರ ಅಲ್ಲ, ಅತ್ತಿಗೆಗೋಸ್ಕರ," ಎಂದೂ ಸೇರಿಸಿದಳು.

ಆಗಲೇ ಅವನು ಬಂದ. ಮನೆಗಲ್ಲ, ಹೆಂಡತಿಯ ಆಫೀಸಿನ ಹತ್ತಿರ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಗೇಟಿನ ಪಕ್ಕ ನಿಂತಿದ್ದ. ಕೂದಲು ಕತ್ತರಿಸಿಕೊಂಡಿದ್ದ, ಹೊಸ ಅಂಗಿ ತೊಟ್ಟಿದ್ದ. ಗೋಡೆಯ ನೆರಳಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಅವಳು ಡಬ್ಬಿ ತೆರೆದಳು. ಅವನು ಕೇಳದೆಯೇ ಒಂದು ತುಂಡು ರೊಟ್ಟಿ ತೆಗೆದು ಬಾಯಿಗಿಟ್ಟುಕೊಂಡ.

"ಅಮ್ಮನ ಕೈದು ಅಲ್ವಾ?"

"ಹೂಂ."

"ಗೊತ್ತಾಗತ್ತೆ." ಇನ್ನೊಂದು ತುಂಡು ತೆಗೆದುಕೊಂಡ. "ಮೊದಲನೇದು ಬಿರುಕು ಬಿಡ್ತಂತೆ?"

"ಹೊಸ ಮಾದರಿ ತೆಗೀತಿದೀನಿ."

"ಹೇಗೂ ಹೊಸದು ತೆಗೀತೀಯಲ್ಲ, ಒಂದೆರಡು ಬದಲಾವಣೆ ಮಾಡ್ತೀಯಾ? ಒಡಲು ಸ್ವಲ್ಪ ಚಿಕ್ಕದಾಗ್ಲಿ. ತೋಳು ಒರಗೋ ಇಳಿಜಾರು ಇದೆಯಲ್ಲ, ಅದು ಇನ್ನೂ ಕೆಳಗೆ ಬರ್ಲಿ. ಆಮೇಲೆ..." ಅವನು ಬೆರಳಿನ ಪುಡಿ ಕೊಡವಿದ. "ಎಡಬಲ ತಿರುಗಿಸಿಬಿಡು. ಕನ್ನಡಿಯೊಳಗೆ ಕಂಡ ಹಾಗೆ. ಕಂಪ್ಯೂಟರಲ್ಲಿ ಅದಕ್ಕೆ ಒಂದೇ ಬಟನ್ ತಾನೇ?"

"ಒಂದೇ. ಯಾಕೆ ತಿರುಗಿಸ್ಬೇಕು?"

"ನೋಡೋಕೆ ಬೇರೆ ಥರ ಇರ್ಲಿ ಅಂತ. ಸ್ಟೇಜಲ್ಲಿ ಎದ್ದು ಕಾಣತ್ತೆ."

ಅವನು ಅವಳ ಮುಖ ನೋಡಲಿಲ್ಲ, ಡಬ್ಬಿ ನೋಡುತ್ತಿದ್ದ. ಹೊರಡುವಾಗ ಮಾತ್ರ ಅವಳ ಹೆಗಲ ಮೇಲೆ ಕೈ ಇಟ್ಟು, "ನೀನಿಲ್ದಿದ್ರೆ ಇದು ಆಗ್ತಾನೇ ಇರ್ಲಿಲ್ಲ," ಎಂದ. ಆ ಕೈಯ ಬಿಸಿ ಆಫೀಸಿನ ಮೆಟ್ಟಿಲು ಹತ್ತುವವರೆಗೂ ಅವಳ ಹೆಗಲ ಮೇಲಿತ್ತು.

ಕಂಪ್ಯೂಟರಿನ ಮುಂದೆ ಕೂತು ಬಟನ್ ಒತ್ತಿದಳು. ಗಿಟಾರು ಮಗ್ಗುಲು ಬದಲಾಯಿಸಿತು. ಅವನ ಬಲತೋಳಿಗೆಂದು ಟೇಪು ಹಿಡಿದು ಅಳೆದು ಮಾಡಿದ್ದ ಇಳಿಜಾರು ಈಗ ಎಡಕ್ಕೆ ಬಂತು. ಅದನ್ನು ಅವನು ಹೇಳಿದಷ್ಟು ಕೆಳಗಿಳಿಸಿದಳು. ಇಷ್ಟು ಗಿಡ್ಡ ತೋಳು, ಎಡಗೈ. ಇದು ಯಾರದು ಎಂದು ಕೇಳಿಕೊಂಡಳೋ ಇಲ್ಲವೋ, ಉತ್ತರ ಮೊದಲೇ ಬಂದು ಕೂತಿತ್ತು. ತಂಡದವರೆಲ್ಲ ಒಮ್ಮೆ ಮನೆಗೆ ಬಂದಿದ್ದಾಗ ಹಾಡುಗಾರ್ತಿ ಅಡುಗೆಮನೆಗೆ ಬಂದು, ಅತ್ತೆಯ ಪಕ್ಕ ಕೂತು ಆಲೂಗಡ್ಡೆ ಸುಲಿದುಕೊಟ್ಟಿದ್ದಳು. "ಎಡಚಿ ಆದ್ರೂ ಎಷ್ಟು ಚುರುಕು ನೋಡು," ಎಂದು ಆಮೇಲೆ ಅತ್ತೆಯೇ ಹೊಗಳಿದ್ದರು.

ಪಕ್ಕದ ಮೇಜಿನವಳು, "ತಲೆ ನೋವಾ?" ಎಂದು ಕೇಳಿದಳು. ಸೊಸೆ ಹೌದೆಂದಳು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು. ಮಗ ಫೋನು ಮಾಡಿ ಹೇಳಿದ್ದನಂತೆ, ಅವಳನ್ನು ಕಂಡೆ ಎಂದು. ಅವರ ಮುಖ ಅರಳಿತ್ತು.

"ಏನಂದ?"

"ಗಿಟಾರು ಸ್ವಲ್ಪ ಚಿಕ್ಕದಾಗ್ಲಿ ಅಂದ."

"ತೆಳ್ಳಗಾಗಿದಾನಾ?"

ಸೊಸೆ ಚಪ್ಪಲಿ ಬಿಚ್ಚುತ್ತ ಸ್ವಲ್ಪ ಹೊತ್ತು ತೆಗೆದುಕೊಂಡಳು. "ಸ್ವಲ್ಪ ಆಗಿದಾನೆ," ಎಂದಳು.

"ನನಗೊತ್ತಿತ್ತು. ಅಲ್ಲಿ ಯಾರು ಮಾಡಿ ಹಾಕ್ತಾರೆ? ಡಬ್ಬಿಲಿ ಏನಾದ್ರೂ ತಿಂದ್ನಾ?"

"ತಿಂದ. ನಿಮ್ಮ ಕೈದು ಅಂತ ಗೊತ್ತಾಗತ್ತೆ ಅಂದ."

ಅತ್ತೆ ಕಣ್ಣು ಒರೆಸಿಕೊಂಡು ಒಳಗೆ ಹೋದರು. ಅವತ್ತಿನಿಂದ ಸೊಸೆಯ ಡಬ್ಬಿಗೆ ಇಬ್ಬರಿಗಾಗುವಷ್ಟು ತುಂಬತೊಡಗಿದರು. ಅವನು ಮತ್ತೆ ಬರಲಿಲ್ಲ. ಉಳಿದದ್ದನ್ನು ಸೊಸೆ ಪಕ್ಕದ ಮೇಜಿನವಳಿಗೆ ಕೊಟ್ಟು, ಡಬ್ಬಿ ಖಾಲಿ ಮಾಡಿ ತರುತ್ತಿದ್ದಳು.

ಹೊಸ ಮಾದರಿಯನ್ನು ಕುಲುಮೆಗೆ ಒಯ್ದ ದಿನ ಮೇಸ್ತ್ರಿ ಅದನ್ನು ಎರಡು ಕೈಯಲ್ಲೂ ಎತ್ತಿ ನೋಡಿದರು. ಹಳೆಯ ಬಿರುಕು ಗಿಟಾರಿನ ಪಕ್ಕ ಇಟ್ಟು ನೋಡಿದರು.

"ಇದು ತಿರುಗುಮುರುಗಾಗಿದೆಯಲ್ಲಮ್ಮ."

"ಹೂಂ ಮಾವ."

"ತಪ್ಪಾಯ್ತಾ?"

"ಇಲ್ಲ. ಹಾಗೇ ಬೇಕು ಅಂದ್ರು ನಿಮ್ಮ ಮಗ."

ಮೇಸ್ತ್ರಿ ಗಿಟಾರು ನುಡಿಸಿದವರಲ್ಲ, ಆದರೆ ಕೈಗೂ ಉಪಕರಣಕ್ಕೂ ಇರುವ ಸಂಬಂಧ ಬಲ್ಲವರು. ಎಡಗೈಯವರ ಸುತ್ತಿಗೆ ಹಿಡಿ ಹೇಗೆ ಸವೆಯುತ್ತದೆಂದು ಗೊತ್ತಿದ್ದವರು. ಮರಳಿನ ರಾಶಿಯ ಮೇಲೆ ಕೂತುಬಿಟ್ಟರು.

"ಗೊತ್ತಿದ್ದೂ ಬರೆದ್ಯಾ?"

ಅವಳು ಮಾದರಿಯ ಅಂಚಿನ ಪುಡಿ ಒರೆಸಿದಳು.

"ನನ್ನ ಕೈಲಿ ಆ ಹೆಂಗಸಿಗೆ ಎರಕ ಹುಯ್ಯಿಸ್ತಿದ್ದೀಯಲ್ಲೇ ತಾಯಿ. ಅವನು ನಮ್ಮೆಲ್ಲರ ಮೂಗಿಗೆ ತುಪ್ಪ ಸವರ್ತಿದಾನೆ. ನಾನು ಇವತ್ತೇ ಹೋಗಿ ನಿಮ್ಮತ್ತೆಗೆ ಹೇಳ್ತೀನಿ."

"ಬೇಡ ಮಾವ. ಗಿಟಾರು ಇಲ್ಲ ಅಂದ್ರೆ ಅವರು ಬರಲ್ಲ. ಒಂದು ಸಲ ಬರ್ಲಿ. ಅತ್ತೆ ಮುಂದೆ ಕೂತು ಒಂದು ತುತ್ತು ಉಣ್ಲಿ. ಅಮ್ಮನ ಮುಖ ನೋಡಿ ಮನಸ್ಸು ತಿರುಗಿದ್ರೂ ತಿರುಗ್ಬಹುದು."

"ನಿನ್ನ ಮುಖ ನೋಡಿ ತಿರುಗ್ಲಿಲ್ವಲ್ಲ."

ಅಂದ ಮೇಲೆ ಮೇಸ್ತ್ರಿ ತಮ್ಮ ಬಾಯಿಗೆ ತಾವೇ ಹೊಡೆದುಕೊಳ್ಳುವವರಂತೆ ಕೈ ಎತ್ತಿದರು. ಸೊಸೆ ಆಗಲೇ ಜರಡಿ ಹಿಡಿದು ಮರಳು ಸೋಸತೊಡಗಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅವರೂ ಎದ್ದು ಚೌಕಟ್ಟು ಜೋಡಿಸಿದರು. ಆ ಸಲ ಹುಯ್ಯುವಾಗ ಒಂದು ಹನಿ ಸಿಡಿದು ಅವರ ಮಣಿಕಟ್ಟು ಸುಟ್ಟಿತು. ಅವರು ಧಾರೆ ನಿಲ್ಲಿಸಲಿಲ್ಲ. ಎರಕ ಬಿರುಕಿಲ್ಲದೆ, ಗುಳ್ಳೆಯಿಲ್ಲದೆ ಬಂತು. ಅಷ್ಟು ಚೆನ್ನಾಗಿ ಈಚೆಗೆ ಯಾವುದೂ ಬಂದಿರಲಿಲ್ಲ.

ಚಿನಕುರಳಿ ವಾರಗಟ್ಟಲೆ ಸಂಜೆ ಹಿತ್ತಲಲ್ಲಿ ಕೂತು ಅದನ್ನು ಉಜ್ಜಿದಳು, ಮೊದಲು ಒರಟು ಕಾಗದ, ಆಮೇಲೆ ನಯ ಕಾಗದ. ಬಡಗಿ ಮರದ ಕತ್ತು ಮಾಡಿಕೊಟ್ಟ. ಸೊಸೆ ರಂಧ್ರ ಕೊರೆದು, ತಂತಿಯ ಕಂಪನ ಹಿಡಿಯುವ ಪಿಕಪ್ಪು ಕೂರಿಸಿ, ಬಿರಡೆ ಬಿಗಿದಳು. ತಂತಿಗಳನ್ನೂ ಹಿಂದುಮುಂದಾಗಿ ಅವಳೇ ಕಟ್ಟಿದಳು.

ಮಗ ಮನೆಗೆ ಬಂದದ್ದು ರಜೆಯ ಒಂದು ಮಧ್ಯಾಹ್ನ. ಅತ್ತೆ ಬೆಳಗಿನಿಂದ ಒಲೆ ಬಿಟ್ಟು ಕದಲಿರಲಿಲ್ಲ. ಅವನು ಚಪ್ಪಲಿಯನ್ನು ಎಂದಿನ ಜಾಗದಲ್ಲೇ ಬಿಟ್ಟ, ಎಂದಿನ ಕುರ್ಚಿಯಲ್ಲೇ ಕೂತ. ಮೂರು ಸಲ ಹಾಕಿಸಿಕೊಂಡು ಉಂಡ. ಅಪ್ಪನ ಮಣಿಕಟ್ಟಿನ ಗಾಯ ನೋಡಿ, "ಏನಾಯ್ತಪ್ಪ?" ಎಂದ. "ಏನಿಲ್ಲ," ಎಂದರು ಅಪ್ಪ. ತಂಗಿ ಕೂಡ ಅಂದು ಬಾಯಿ ಬಿಗಿಹಿಡಿದಿದ್ದಳು. ಅತ್ತೆ ಮಾತ್ರ ಮಾತಾಡುತ್ತಲೇ ಇದ್ದರು: ನೆರೆಮನೆಯ ನಾಯಿ ಮರಿ ಹಾಕಿದ್ದು, ನಲ್ಲಿ ಕೆಟ್ಟದ್ದು, ಅವನ ಕೋಣೆಯ ಕಿಟಕಿಗೆ ಹೊಸ ಗಾಜು ಹಾಕಿಸಿದ್ದು.

ಊಟ ಮುಗಿದು ತಟ್ಟೆ ತೆಗೆಯುವ ಮೊದಲೇ ಅವರು ಒಳಗೆ ಹೋಗಿ, ಬಟ್ಟೆ ಮುಚ್ಚಿಟ್ಟಿದ್ದ ಗಿಟಾರನ್ನು ತಂದು ಮಗನ ತೊಡೆಯ ಮೇಲಿಟ್ಟರು. ಅವನು ಬಟ್ಟೆ ಸರಿಸಿ ದಂಗಾದ. "ಅಬ್ಬಾ," ಎಂದ. ಅಂಚಿನ ಮೇಲೆ ಬೆರಳಾಡಿಸಿದ. ಅವನ ಕಣ್ಣು ತುಂಬಿದ್ದು ಸುಳ್ಳಲ್ಲ.

"ನುಡಿಸು," ಎಂದರು ಅತ್ತೆ.

"ಆಮೇಲೆ ನುಡಿಸ್ತೀನಮ್ಮ. ಶ್ರುತಿ ಮಾಡ್ಬೇಕು, ಆಂಪ್ಲಿಫಯರ್ ಬೇಕು..."

"ಸಣ್ಣ ಸದ್ದಾದ್ರೂ ಸಾಕು ಕಣೋ. ನಿಮ್ಮಪ್ಪ ಕೈ ಸುಟ್ಕೊಂಡಿದಾರೆ, ಇವಳು ಕಣ್ಣು ಕೆಡಿಸ್ಕೊಂಡಿದಾಳೆ. ಒಂದು ಚೂರು ನುಡಿಸು."

ಅವನು ಗಿಟಾರನ್ನು ಎಂದಿನಂತೆ ಎದೆಗೆ ಆನಿಸಿಕೊಂಡ. ತೋಳು ಒರಗಬೇಕಾದ ಕಡೆ ಅಂಚು ಒತ್ತಿತು. ದಪ್ಪ ತಂತಿ ಕೆಳಗಿತ್ತು, ಸಣ್ಣದು ಮೇಲಿತ್ತು. ಬೆರಳುಗಳು ತಡವರಿಸಿ ಅಪಸ್ವರ ಎದ್ದಿತು. ತಂಗಿ ನಕ್ಕಳು: "ಏನಣ್ಣ, ಮರೆತೇ ಹೋಯ್ತಾ?" ಅವನು ಗಿಟಾರನ್ನು ತಿರುಗಿಸಿ ಹಿಡಿದ. ಈಗ ತಂತಿ ಮೀಟಲು ಎಡಗೈ ಬಂತು. ಅದಕ್ಕೆ ಮೀಟಲು ಬರದು. ಮತ್ತೆ ತಿರುಗಿಸಿದ. ಮತ್ತೆ ಅದೇ ಸದ್ದು.

"ಏನೋ ಹಿಂದುಮುಂದಾಗಿದೆ ನೋಡೇ," ಎಂದು ಅತ್ತೆ ಸೊಸೆಯ ಕಡೆ ತಿರುಗಿದರು. "ಸರಿ ಮಾಡೋಕೆ ಬರಲ್ವಾ? ಪಾಪ, ಅವನಿಗೆ ಕೂರ್ತಾ ಇಲ್ಲ."

ಸೊಸೆ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ಮೇಸ್ತ್ರಿ ಎದ್ದು ಕೈ ತೊಳೆಯುವ ತೊಟ್ಟಿಯ ಕಡೆ ಹೋಗಿ ಬೆನ್ನು ತಿರುಗಿಸಿ ನಿಂತರು. ಅತ್ತೆ ಗಂಡನ ಬೆನ್ನು ನೋಡಿದರು, ಸೊಸೆಯ ಕೈ ನೋಡಿದರು, ಆಮೇಲೆ ಮಗನನ್ನು ನೋಡಿದರು.

"ಇದು ಎಡಗೈಯವರಿಗಾ?"

ಅವನು ತಲೆ ತಗ್ಗಿಸಿದ.

"ಅವಳು ಎಡಚಿ ಅಲ್ವಾ?"

"ಹೇಳ್ಬೇಕು ಅಂತಾನೇ ಇದ್ದೆ ಅಮ್ಮ. ಅವಳು ಸ್ಟೇಜಲ್ಲಿ ನುಡಿಸ್ಬೇಕು ಅಂತಿದ್ಲು. ಎಡಗೈದು ಒಳ್ಳೇದು ಸಿಗೋದೇ ಕಷ್ಟ. ಅಪ್ಪ ಮಾಡಿದ್ದು ಅವಳ ಕೈಲಿದ್ರೆ, ಮುಂದೆ ಯಾವತ್ತಾದ್ರೂ ಎಲ್ರೂ ಒಂದಾಗ್ಬಹುದು ಅಂತ..."

"ಎಲ್ರೂ ಅಂದ್ರೆ ಯಾರ್ಯಾರೋ?" ಚಿನಕುರಳಿ ಕುರ್ಚಿ ಬೀಳುವ ಹಾಗೆ ಎದ್ದಳು. "ಅತ್ತಿಗೆ ಇದಾಳಾ ಆ ಲೆಕ್ಕದಲ್ಲಿ? ನನ್ನ ಬೆರಳು ನೋಡು, ಉಜ್ಜಿ ಉಜ್ಜಿ ಚರ್ಮ ಹೋಗಿದೆ. ಅವಳಿಗಾ ನಾನು ಉಜ್ಜಿದ್ದು?"

"ಸುಮ್ಮನಿರೇ," ಎಂದರು ಅತ್ತೆ. ಜೋರಾಗಿ ಅಲ್ಲ. ಮಗನ ಎದುರಿನ ಕುರ್ಚಿಯಲ್ಲಿ ಕೂತರು. "ನೋಡು, ನನಗೆ ಸುತ್ತಿ ಬಳಸಿ ಹೇಳ್ಬೇಡ. ಒಂದೇ ಮಾತು. ನೀನು ಈ ಮನೆಗೆ ವಾಪಸ್ ಬರಲ್ಲ ತಾನೇ?"

"ಅಮ್ಮ..."

"ಬರ್ತೀಯಾ, ಬರಲ್ವಾ?"

ಅವನು ಹೆಂಡತಿಯ ಕಡೆ ನೋಡಿದ. ಮನೆ ಬಿಟ್ಟ ಮೇಲೆ ಮೊದಲ ಸಲ ಅವಳ ಮುಖವನ್ನು ನೇರ ನೋಡಿದ. "ಬರಲ್ಲಮ್ಮ," ಎಂದ.

ಅತ್ತೆ ಗಿಟಾರನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ, ಗಂಟು ಹಾಕಿ, ಅವನ ಕೈಗೆ ಕೊಟ್ಟರು. "ತಗೊಂಡು ಹೋಗು. ನಿನಗೆ ಅಂತ ಮಾಡಿದ್ದು, ನೀನು ಯಾರಿಗಾದ್ರೂ ಕೊಡು." ಬಾಗಿಲವರೆಗೆ ಬಿಟ್ಟುಬರಲು ಯಾರೂ ಹೋಗಲಿಲ್ಲ.

ಪಾತ್ರೆ ತೊಳೆಯುವಾಗ ಅತ್ತೆ ಅಂದರು, "ನಿನಗೆ ಗೊತ್ತಿತ್ತು."

"ಗೊತ್ತಿತ್ತು ಅತ್ತೆ."

"ನನಗೋಸ್ಕರ ಮಾಡಿದ್ಯಾ?"

ಸೊಸೆ ಸೌಟನ್ನು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. "ಪೂರ್ತಿ ನಿಮಗೋಸ್ಕರ ಅಲ್ಲ," ಎಂದಳು.

ಆಮೇಲೆ ಕೆಲವು ವಾರ ಮನೆ ಎಂದಿನಂತೆ ನಡೆಯಿತು. ಆದರೆ ಅತ್ತೆ ಸಂಜೆ ಹೊತ್ತು ಎಲ್ಲಿಗೋ ಹೋಗಿಬರುತ್ತಿದ್ದರು. ಎಲ್ಲಿಗೆ ಎಂದು ಒಂದು ದಿನ ಊಟದ ಹೊತ್ತಿಗೆ ತಿಳಿಯಿತು.

"ನಿನ್ನ ಆಫೀಸಿನ ಹತ್ತಿರ ಒಂದು ಕೋಣೆ ನೋಡಿ ಬಂದೆ. ಮಹಡಿ ಮೇಲೆ. ಗಾಳಿ ಬೆಳಕು ಇದೆ. ಮನೆಯವ್ರು ಒಳ್ಳೇವ್ರು."

"ಯಾರಿಗೆ?" ಎಂದಳು ಸೊಸೆ. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಮೇಸ್ತ್ರಿ ಲೋಟವನ್ನು ಮೇಜಿಗೆ ಕುಕ್ಕಿದರು. "ತಲೆ ಕೆಟ್ಟಿದ್ಯೇನೇ ನಿನಗೆ? ಹೋದವನು ಅವನು. ಇವಳು ಯಾಕೆ ಹೋಗ್ಬೇಕು?"

"ಇಲ್ಲಿದ್ರೆ ಇವಳು ಸೊಸೆ ಆಗೇ ಮುದುಕಿ ಆಗ್ತಾಳೆ."

"ಆಗ್ಲಿ ಬಿಡಮ್ಮ, ನಾವಿಲ್ವಾ?" ಎಂದಳು ಚಿನಕುರಳಿ. ಅವಳ ಮಾತಿನಲ್ಲಿ ಸಿಡಿಯುವುದೇನೂ ಉಳಿದಿರಲಿಲ್ಲ.

ಸೊಸೆ ತಟ್ಟೆಯ ಅಂಚು ಹಿಡಿದುಕೊಂಡಿದ್ದಳು. "ನನ್ನ ತಪ್ಪೇನು ಅತ್ತೆ?"

"ನಿನ್ನ ತಪ್ಪು ಏನೂ ಇಲ್ಲ ಮಗು. ನಿನ್ನ ನೋಡಿದಾಗೆಲ್ಲ ನನಗೆ ಅವನು ಬರ್ತಾನೆ ಅನ್ಸತ್ತೆ. ಇವತ್ತೂ ಅನ್ಸತ್ತೆ. ಬರಲ್ಲ ಅಂತ ಅವನ ಬಾಯಿಂದಾನೇ ಕೇಳಿದ ಮೇಲೂ ಗೇಟು ಸದ್ದಾದ್ರೆ ನಾನು ಎದ್ದು ನೋಡ್ತೀನಿ. ನೀನೂ ನೋಡ್ತೀಯ. ನಾನಂತೂ ಅಮ್ಮ, ನನ್ನ ಹಣೆಬರಹ ಅದು. ನಿನಗೆ ಯಾಕೆ?"

"ನನಗೆ ಹೋಗೋಕೆ ಇಷ್ಟ ಇಲ್ಲ."

"ನನಗೆ ಕಳಿಸೋಕೆ ಇಷ್ಟ ಅಂದ್ಕೊಂಡ್ಯಾ?"

ಯಾರೂ ಊಟ ಮುಂದುವರಿಸಲಿಲ್ಲ.

ಹೊರಡುವ ದಿನ ಮೇಸ್ತ್ರಿ ಬೆಳಿಗ್ಗೆ ಬೇಗನೆ ಕುಲುಮೆಗೆ ಹೋಗಿಬಿಟ್ಟರು. ಚಿನಕುರಳಿ ಪೆಟ್ಟಿಗೆಯನ್ನು ಬಸ್ಸಿನವರೆಗೆ ಹೊತ್ತು ತಂದಳು, ಆಮೇಲೆ ಅಂಗಡಿಗೆ ಹೊತ್ತಾಯಿತೆಂದು ಓಡಿದಳು. ಅತ್ತೆ ಜೊತೆಗೆ ಬಂದರು. ಒಂದು ಪಾತ್ರೆ, ಎರಡು ತಟ್ಟೆ, ಅಕ್ಕಿ, ಬೇಳೆ, ಮೇಣದ ಬತ್ತಿ, ಪೊರಕೆ. ಕೋಣೆಗೆ ಹೋದವರೇ ನೆಲ ಗುಡಿಸಿ ಒರೆಸಿದರು, ಒಲೆ ಉಜ್ಜಿದರು, ಕಿಟಕಿಯ ಚಿಲಕ ಸರಿಯಾಗಿ ಬೀಳುತ್ತದೆಯೇ ಎಂದು ಎಳೆದೆಳೆದು ನೋಡಿದರು. ಅನ್ನ ಮಾಡಿಟ್ಟು ಮುಚ್ಚಿದರು.

ಮನೆ ಒಡತಿ ಮೇಲೆ ಬಂದು ಬಾಗಿಲಲ್ಲಿ ನಿಂತಳು. ಅತ್ತೆ ಮೊಣಕಾಲೂರಿ ಮೂಲೆ ಒರೆಸುತ್ತಿದ್ದುದನ್ನು ನೋಡಿ ನಗುತ್ತ ಕೇಳಿದಳು, "ಮಗಳಾ?"

"ಅಲ್ಲ," ಎಂದರು ಅತ್ತೆ, ಬಟ್ಟೆ ಹಿಂಡುತ್ತ. "ಮಗಳಾಗಿದ್ರೆ ಮನೇಲೇ ಇಟ್ಕೋತಿದ್ದೆ."

ಒಡತಿಗೆ ಅರ್ಥವಾಗಲಿಲ್ಲ. ನೀರಿನ ಹೊತ್ತು ಹೇಳಿ ಕೆಳಗಿಳಿದಳು.

ಅತ್ತೆಯನ್ನು ಬಿಡಲು ಸೊಸೆ ಬಸ್ಸು ನಿಲ್ದಾಣದವರೆಗೆ ಹೋದಳು. ಬಸ್ಸು ತಿರುವಿನಲ್ಲಿ ಕಂಡಾಗ ಸೊಸೆ ಕೇಳಿದಳು, "ರಜೆ ದಿನ ಬರ್ಲಾ ಅತ್ತೆ?"

"ಬೇಡ." ಬಸ್ಸು ಬಂದು ನಿಂತಿತು. ಅತ್ತೆ ಕಂಬಿ ಹಿಡಿದು ಒಂದು ಮೆಟ್ಟಿಲು ಹತ್ತಿ ತಿರುಗಿದರು. "ಈ ಸಲ ಬೇಡ."

ಅವರು ಆಚೆ ಬದಿಯ ಸೀಟಿನಲ್ಲಿ ಕೂತರು, ಮುಖ ಕಾಣಲಿಲ್ಲ. ಸೊಸೆ ಮೆಟ್ಟಿಲು ಹತ್ತಿ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಒರೆಸಿದ ನೆಲ ಇನ್ನೂ ಹಸಿಯಾಗಿತ್ತು. ಅದರ ಮೇಲೇ ಕೂತು ಅತ್ತಳು. ಇಷ್ಟು ತಿಂಗಳು ಅವಳು ಅತ್ತದ್ದೆಲ್ಲ ದಿಂಬಿಗೆ ಬಾಯಿ ಒತ್ತಿ, ಗೋಡೆಯಾಚೆ ಮಲಗಿದವರಿಗೆ ಕೇಳಿಸದ ಹಾಗೆ. ಇಲ್ಲಿ ಗೋಡೆಯಾಚೆ ಯಾರೂ ಇರಲಿಲ್ಲ. ದನಿ ಬಿಟ್ಟು ಅತ್ತಳು, ಹೊರಗೆ ಕತ್ತಲಾಗುವವರೆಗೂ ಅತ್ತಳು.